ಚರ್ಮದ ನಾತದಿಂದ ಹೂವಿನ ಕಂಪಿಗೆ

ಆಗಸ್ಟ್ ತಿಂಗಳ ಒಂದು ಮುಂಜಾನೆ. ದಕ್ಷಿಣ ಫ್ರಾನ್ಸಿನ ಬೆಟ್ಟದ ತಪ್ಪಲಿನಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಗಿಡಗಳ ಸಾಲಿನ ನಡುವೆ ಸೊಂಟ ಬಗ್ಗಿಸಿ ನಿಂತವರು ಸರಸರನೆ ಹೂ ಬಿಡಿಸುತ್ತಿದ್ದಾರೆ. ಬಿಸಿಲೇರಿದರೆ ಹೂವಿನ ಕಂಪು ಇಳಿಯುತ್ತದೆ, ಆದ್ದರಿಂದ ಈ ಅವಸರ. ಬುಟ್ಟಿಯಲ್ಲಿರುವ ಹೂ ನಮಗೆ ಅಪರಿಚಿತವಲ್ಲ. ನಮ್ಮ ಹಿತ್ತಿಲಲ್ಲಿ ಚಪ್ಪರಕ್ಕೆ ಹಬ್ಬಿಸಿ ಸಂಜೆ ಮಾಲೆ ಕಟ್ಟುವ ಜಾಜಿಯೇ ಅದು. ನಾವು ಹೂವನ್ನು ಮೊಳದಲ್ಲೋ ಮಾರಿನಲ್ಲೋ ಅಳೆಯುತ್ತೇವೆ. ಅಲ್ಲಿ ಕಿಲೋ ಲೆಕ್ಕ. ಒಂದು ಕಿಲೋ ತೂಗಲು ಸುಮಾರು 8,000 ಹೂ ಬೇಕು. ಕೈ ಪಳಗಿದವರೂ ಗಂಟೆಗೆ ಅರ್ಧ ಕಿಲೋ ಬಿಡಿಸಿದರೆ ಹೆಚ್ಚು. ಹೀಗೆ ಬಿಡಿಸಿದ ಸುಮಾರು 700 ಕಿಲೋ ಹೂವಿನಿಂದ ಕೊನೆಗೆ ಸಿಗುವುದು ಒಂದು ಕಿಲೋದಷ್ಟು ಶುದ್ಧ ಸಾರ. ಐವತ್ತು ಲಕ್ಷಕ್ಕೂ ಹೆಚ್ಚು ಹೂ, ಒಂದು ಸಣ್ಣ ಡಬ್ಬಿ!

ಈ ಹೊಲಗಳಿಗೆ ಹೆಸರು ತಂದುಕೊಟ್ಟ ಪಟ್ಟಣ ಗ್ರಾಸ್. ಸಿನಿಮಾ ಉತ್ಸವಕ್ಕೆ ಹೆಸರಾದ ಕಾನ್ ನಗರದಿಂದ ಉತ್ತರಕ್ಕೆ ಹದಿನೈದಿಪ್ಪತ್ತು ಕಿಲೋಮೀಟರ್ ಬೆಟ್ಟ ಹತ್ತಿದರೆ ಸಿಗುವ, ಸುಮಾರು ಐವತ್ತು ಸಾವಿರ ಜನವಸತಿಯ ಊರು. ಜಗತ್ತಿನ ಸುಗಂಧದ ರಾಜಧಾನಿ ಎಂಬ ಬಿರುದು ಅದಕ್ಕಿದೆ. ಆದರೆ ಈ ಊರು ತನ್ನ ಬದುಕನ್ನು ಆರಂಭಿಸಿದ್ದು ಸುಗಂಧದಿಂದಲ್ಲ, ದುರ್ಗಂಧದಿಂದ. ಒಂದು ಕಸುಬು ಕೈಬಿಟ್ಟಾಗ ಇನ್ನೊಂದನ್ನು ಹಿಡಿದು, ಅದೂ ಜಾರಿದಾಗ ಮತ್ತೊಂದಕ್ಕೆ ಕೈಚಾಚಿ ಎಂಟು ಶತಮಾನಗಳಿಂದ ಉಳಿದು ಬಂದ ಊರಿನ ಕಥೆ ಇದು.

ಚರ್ಮ ಹದ ಮಾಡುವವರ ಊರು

ಚರ್ಮ ಹದ ಮಾಡಲು ಮುಖ್ಯವಾಗಿ ಬೇಕಾದದ್ದು ಮೂರು: ಹೇರಳವಾದ ನೀರು, ದನಕುರಿಗಳ ತೊಗಲು, ತೊಗರು ಕೊಡುವ ಗಿಡಮರ. ಗ್ರಾಸ್‌ಗೆ ಮೂರೂ ಇದ್ದವು. ಬೆಟ್ಟದ ಬುಡದಲ್ಲಿ ಬತ್ತದ ಬುಗ್ಗೆ, ಮೇಲಿನ ಹುಲ್ಲುಗಾವಲುಗಳಲ್ಲಿ ಕುರಿಮೇಕೆಗಳ ಹಿಂಡು, ಸುತ್ತಲಿನ ಕುರುಚಲು ಕಾಡಿನಲ್ಲಿ ಮಿರ್ಟಲ್ ಎಂಬ ಪೊದೆ. ಅದರ ಎಲೆಯ ಪುಡಿಯಿಂದ ಹದಗೊಳಿಸಿದ ಇಲ್ಲಿನ ಚರ್ಮಕ್ಕೆ ತುಸು ಹಸಿರು ಛಾಯೆ ಬರುತ್ತಿತ್ತು. 12ನೇ ಶತಮಾನದಲ್ಲಿ ಗ್ರಾಸ್ ತನ್ನ ಆಡಳಿತವನ್ನು ತಾನೇ ನೋಡಿಕೊಳ್ಳುತ್ತಿದ್ದ ವ್ಯಾಪಾರಿ ಪಟ್ಟಣ. ಇಟಲಿಯ ಜಿನೋವಾ, ಪೀಸಾಗಳ ಜೊತೆ ಅದಕ್ಕೆ ನೇರ ವಹಿವಾಟಿತ್ತು. ಹದ ಮಾಡಿದ ಚರ್ಮ, ಎಣ್ಣೆ, ಸಾಬೂನು ಹಡಗೇರಿ ಹೋಗುತ್ತಿದ್ದವು. 1227ರಲ್ಲಿ ಪ್ರೊವಾನ್ಸ್‌ನ ಕೌಂಟ್ ಈ ಸ್ವಾತಂತ್ರ್ಯಕ್ಕೆ ಕೊನೆ ಹಾಡಿದರೂ ವ್ಯಾಪಾರ ನಿಲ್ಲಲಿಲ್ಲ. 1244ರಲ್ಲಿ ಸಮುದ್ರದಂಚಿನ ಆಂತಿಬ್ ಪಟ್ಟಣದಲ್ಲಿದ್ದ ಬಿಷಪ್‌ರ ಪೀಠವೂ ಇಲ್ಲಿಗೇ ಬಂತು. ಊರಿಗೆ ಹಣವೂ ಬಂತು, ಮಾನವೂ ಬಂತು. ಹೋಗದೆ ಉಳಿದದ್ದು ನಾತ ಮಾತ್ರ.

ಹದ ಮಾಡಿದ ಮೇಲೂ ಚರ್ಮದಲ್ಲಿ ಒಂದು ವಾಸನೆ ಉಳಿದುಬಿಡುತ್ತದೆ. ಚಪ್ಪಲಿಗಾದರೆ ಚಿಂತೆಯಿಲ್ಲ. ಆದರೆ ಅರಮನೆಯ ಹೆಂಗಸರು ಕೈಗೆ ತೊಡುವ ಕೈಗವಸು ಹಾಗೆ ನಾರಿದರೆ ಹೇಗೆ? ಕೈಗವಸುಗಳಿಗೆ ಸುಗಂಧ ಹಾಕುವ ರೂಢಿ 16ನೇ ಶತಮಾನದಲ್ಲಿ ಇಟಲಿ, ಸ್ಪೇನುಗಳಿಂದ ಫ್ರಾನ್ಸಿಗೆ ಬಂತು. 1533ರಲ್ಲಿ ಫ್ರಾನ್ಸಿನ ರಾಜಕುಮಾರನನ್ನು ಮದುವೆಯಾಗಿ ಬಂದ ಫ್ಲಾರೆನ್ಸಿನ ಕ್ಯಾಥರೀನ್ ದ ಮೆಡಿಚಿ ಈ ರೂಢಿಯನ್ನು ಆಸ್ಥಾನದಲ್ಲಿ ಹರಡಿದಳೆಂಬುದು ಪ್ರತೀತಿ. ಗ್ರಾಸ್‌ನ ಚರ್ಮಕಾರನೊಬ್ಬ ಆಕೆಗೆ ಪರಿಮಳದ ಕೈಗವಸುಗಳನ್ನು ಕಾಣಿಕೆ ಕೊಟ್ಟನೆಂಬ ಕಥೆಯನ್ನು ಆ ಊರಿನವರು ಈಗಲೂ ಹೇಳುತ್ತಾರೆ. ಕಥೆ ನಿಜವಿರಲಿ ಬಿಡಲಿ, ಗ್ರಾಸ್‌ನ ಚರ್ಮದವರು ಅತ್ತರಿನವರೂ ಆದರೆಂಬುದು ಇತಿಹಾಸ. ಕೈಗವಸು ಮತ್ತು ಸುಗಂಧ ಎರಡನ್ನೂ ಮಾಡುವವರು ಒಂದೇ ಕಸುಬಿನವರೆಂದು ಎಣಿಕೆಯಾಯಿತು. 1732ರಲ್ಲಿ ಈ ಊರಿನಲ್ಲಿ ಹುಟ್ಟಿದ ಹೆಸರಾಂತ ಚಿತ್ರಕಾರ ಜಾನ್ ಒನೊರೆ ಫ್ರಾಗೊನಾರ್‌ನ ತಂದೆಯದೂ ಕೈಗವಸಿನ ಕಸುಬೇ.

ತೆರಿಗೆ ತೋರಿದ ದಾರಿ

18ನೇ ಶತಮಾನದಲ್ಲಿ ಚರ್ಮಕ್ಕೆ ಎರಡು ಪೆಟ್ಟು ಬಿದ್ದವು. ಒಂದು, ತೆರಿಗೆ. ಯುದ್ಧಗಳಿಂದ ಬರಿದಾದ ಬೊಕ್ಕಸ ತುಂಬಲು ಫ್ರಾನ್ಸಿನ ಸರ್ಕಾರ 1759ರಲ್ಲಿ ಚರ್ಮದ ಮೇಲೆ ಹೊಸ ಸುಂಕ ಹೇರಿತು. ಇನ್ನೊಂದು, ನೆರೆಯ ನೀಸ್ ನಗರದ ಪೈಪೋಟಿ. ಇಂದು ಅದೂ ಫ್ರಾನ್ಸೇ. ಆದರೆ 1860ರವರೆಗೆ ನೀಸ್ ಬೇರೆ ರಾಜ್ಯದ ಊರು. ಒಂದು ದಿನದ ಹಾದಿಯಾಚೆ, ಗಡಿಯ ಆ ಬದಿಯಲ್ಲಿ, ಫ್ರೆಂಚ್ ಸುಂಕದ ಹಂಗಿಲ್ಲದ ಚರ್ಮ ಅಗ್ಗದಲ್ಲಿ ಸಿಗುವಾಗ ಗ್ರಾಸ್‌ನ ದುಬಾರಿ ಚರ್ಮವನ್ನು ಕೊಳ್ಳುವವರಾರು?

ಚರ್ಮವನ್ನೇ ನೆಚ್ಚಿದವರು ಮುಳುಗಿದರು. ಸುಗಂಧವನ್ನೂ ಕಲಿತಿದ್ದವರು ಈಜಿ ದಡ ಸೇರಿದರು. ಮೊದಲು ಚರ್ಮದ ನಾತ ಮುಚ್ಚಲು ಬಂದ ಪರಿಮಳ ಈಗ ಚರ್ಮವನ್ನೇ ಬಿಟ್ಟು ಸ್ವತಂತ್ರ ಸರಕಾಯಿತು. ಗಾಲಿಮಾರ್ ಎಂಬ ಅಂಗಡಿ 1747ರಲ್ಲಿ, ಶಿರಿಸ್ 1768ರಲ್ಲಿ ಆರಂಭವಾದವು. ಮಹಾಕ್ರಾಂತಿಯ ಸರ್ಕಾರ 1791ರಲ್ಲಿ ಕಸುಬಿನ ಸಂಘಗಳನ್ನೆಲ್ಲ ರದ್ದು ಮಾಡಿದಾಗ, ಕೈಗವಸಿಗೂ ಅತ್ತರಿಗೂ ಇದ್ದ ಹಳೆಯ ಗಂಟು ಕಾನೂನಿನ ಲೆಕ್ಕದಲ್ಲೂ ಬಿಚ್ಚಿಹೋಯಿತು.

ಬೇರೆಡೆಯಿಂದ ಬಂದ ಹೂಗಳು

ಗ್ರಾಸ್‌ಗೆ ಕೀರ್ತಿ ತಂದ ಹೂಗಳಲ್ಲಿ ಹಲವು ಆ ನೆಲದವಲ್ಲ ಎಂಬುದು ಸ್ವಾರಸ್ಯದ ಸಂಗತಿ. ಜಾಜಿ ನಮ್ಮ ಏಷ್ಯಾದ ಕಡೆಯಿಂದ ಅರಬರ ಮೂಲಕ ಮೆಡಿಟರೇನಿಯನ್ ದಾಟಿ ಬಂದದ್ದು. ಸುಗಂಧರಾಜದ ತವರು ಮೆಕ್ಸಿಕೋ. ಚಳಿಗಾಲದಲ್ಲಿ ಬೆಟ್ಟಗಳನ್ನು ಹಳದಿಯಾಗಿಸುವ ಮಿಮೋಸಾ 19ನೇ ಶತಮಾನದಲ್ಲಿ ಆಸ್ಟ್ರೇಲಿಯಾದಿಂದ ಬಂದ ಜಾಲಿಯ ಜಾತಿ. ಹಿಂದಿರುವ ಬೆಟ್ಟಸಾಲು ಉತ್ತರದ ಕೊರೆಯುವ ಗಾಳಿಯನ್ನು ತಡೆಯುತ್ತದೆ, ಮುಂದಿರುವ ಸಮುದ್ರ ಹಿತವಾದ ಬೆಚ್ಚನೆ ಹವೆ ಕಳಿಸುತ್ತದೆ. ಹೀಗಾಗಿ ಈ ಪರದೇಶಿ ಗಿಡಗಳು ಇಲ್ಲಿ ಬೇರೂರಿದವು. ಆದರೂ ಚಳಿಗೆ ಅಂಜುವ ಜಾಜಿಯನ್ನು ಹಾಗೆಯೇ ನೆಡುವಂತಿರಲಿಲ್ಲ. ಚಳಿ ತಡೆಯುವ ಇನ್ನೊಂದು ಮಲ್ಲಿಗೆ ಜಾತಿಯ ಬೇರಿಗೆ ಅದನ್ನು ಕಸಿ ಕಟ್ಟಿದರು. ಚಳಿಗಾಲದಲ್ಲಿ ಬುಡಕ್ಕೆ ಮಣ್ಣೇರಿಸಿ ಕಾಪಾಡಿದರು.

ವರ್ಷದ ಕ್ಯಾಲೆಂಡರೇ ಹೂವಿನ ಕ್ಯಾಲೆಂಡರಾಯಿತು. ಚಳಿಗಾಲದ ಕೊನೆಗೆ ಮಿಮೋಸಾ ಮತ್ತು ವಯೊಲೆಟ್, ವಸಂತದಲ್ಲಿ ಕಹಿ ಕಿತ್ತಳೆಯ ಹೂ, ಮೇ ತಿಂಗಳಲ್ಲಿ ನೂರೆಸಳಿನ ಗುಲಾಬಿ, ಬೇಸಿಗೆಯಲ್ಲಿ ಮೇಲಿನ ಬೆಟ್ಟಗಳ ಲ್ಯಾವೆಂಡರ್, ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ಜಾಜಿ. ಆದರೆ ಜಾಜಿಗೆ ಬೇಸಿಗೆಯಲ್ಲಿ ನೀರು ಬೇಕು. ಗ್ರಾಸ್‌ನ ಬೇಸಿಗೆಯೋ ಒಣ ಬೇಸಿಗೆ. 1868ರಲ್ಲಿ ಸಿಯಾನ್ಯ್ ನದಿಯ ಕಾಲುವೆ ಬಂದ ಮೇಲೆ ಈ ತೊಡಕು ನಿವಾರಣೆಯಾಗಿ, ಇಳಿಜಾರಿನ ಮೆಟ್ಟಿಲು ಹೊಲಗಳಲ್ಲಿ ಜಾಜಿ ಹಬ್ಬಿತು. ಒಂದು ಕಾಲುವೆ ಊರಿನ ಹಣೆಬರಹವನ್ನು ಹೇಗೆ ಬದಲಿಸುತ್ತದೆ ಎಂಬುದನ್ನು ಮಂಡ್ಯ ಸೀಮೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕೊಬ್ಬಿನಲ್ಲಿ ಸೆರೆಯಾದ ಕಂಪು

ಹೂವಿನಿಂದ ಕಂಪು ತೆಗೆಯುವುದು ಹೇಗೆ? ಲ್ಯಾವೆಂಡರ್, ಕಿತ್ತಳೆ ಹೂಗಳಿಗೆ ಹಬೆ ಹಾಯಿಸಿ ಬಟ್ಟಿ ಇಳಿಸಿದರಾಯಿತು. ಜಾಜಿ ಮತ್ತು ಸುಗಂಧರಾಜ ಆ ಕಾವನ್ನು ತಾಳಲಾರವು. ಅವುಗಳ ಇನ್ನೊಂದು ಗುಣವೆಂದರೆ ಗಿಡದಿಂದ ಕಿತ್ತ ಮೇಲೂ ಹಲವು ತಾಸು ಕಂಪು ಸೂಸುತ್ತಲೇ ಇರುವುದು. ಮನೆಯಲ್ಲಿ ಮಲ್ಲಿಗೆಯ ಮೊಗ್ಗು ತಂದಿಟ್ಟವರಿಗೆ ಇದು ಗೊತ್ತು. ಗ್ರಾಸ್‌ನವರು ಈ ಗುಣವನ್ನೇ ದುಡಿಸಿಕೊಂಡರು. ಮರದ ಚೌಕಟ್ಟಿಗೆ ಗಾಜು ಕೂರಿಸಿ, ಅದರ ಮೇಲೆ ಶುದ್ಧ ಮಾಡಿದ ಹಂದಿ ಮತ್ತು ದನದ ಕೊಬ್ಬನ್ನು ತೆಳ್ಳಗೆ ಬಳಿದು, ಆ ಕೊಬ್ಬಿನ ಮೇಲೆ ಒಂದೊಂದೇ ಹೂ ಹರಡುತ್ತಿದ್ದರು. ಮರುದಿನ ಬಾಡಿದ ಹೂ ತೆಗೆದು ಹೊಸ ಹೂ. ಹೀಗೆ ದಿನದಿನವೂ, ಕೊಬ್ಬು ಇನ್ನು ಹೀರಲಾರೆ ಎನ್ನುವವರೆಗೆ. ಮೂವತ್ತಾರು ಸಲ ಹೂ ಬದಲಿಸಿದ ಕೊಬ್ಬಿಗೆ ‘36ನೇ ನಂಬರಿನ ಪೊಮೇಡ್’ ಎಂದೇ ವ್ಯಾಪಾರದಲ್ಲಿ ಹೆಸರು. ಅದನ್ನು ಮದ್ಯಸಾರದಲ್ಲಿ ತೊಳೆದರೆ ಕಂಪು ಮದ್ಯಸಾರಕ್ಕಿಳಿಯುತ್ತದೆ. ಫ್ರೆಂಚರು ಈ ವಿಧಾನವನ್ನು ‘ಆನ್‌ಫ್ಲೊರಾಜ್’ ಎಂದರು. ನಮ್ಮಲ್ಲಿ ಹೂವಿನ ನಡುವೆ ಎಳ್ಳು ಹಾಸಿ, ಎಳ್ಳಿಗೆ ಕಂಪು ಹತ್ತಿಸಿ, ಆಮೇಲೆ ಗಾಣಕ್ಕೆ ಹಾಕುತ್ತಿದ್ದ ಹಳೆಯ ಕ್ರಮದ ಹಿಂದೆಯೂ ಇದೇ ತತ್ವವಿದೆ.

ಸಾವಿರಾರು ಗಾಜಿನ ಚೌಕಟ್ಟು, ಅವುಗಳ ಮೇಲೆ ಹೂ ಜೋಡಿಸುವ, ಬಾಡಿದ್ದನ್ನು ಆಯುವ ನೂರಾರು ಕೈಗಳು ಇಲ್ಲದೆ ಈ ಕೆಲಸ ಸಾಗದು. ಆ ಕೈಗಳೆಲ್ಲ ಬಹುಪಾಲು ಹೆಂಗಸರವು. ಹೊಲದಲ್ಲಿ ಹೂ ಬಿಡಿಸುವವರೂ ಅವರೇ. ಅವರಲ್ಲಿ ಅನೇಕರು ಗಡಿಯಾಚೆಯ ಇಟಲಿಯಿಂದ ಹೊಟ್ಟೆಪಾಡಿಗೆ ಬಂದವರು. ಪ್ಯಾರಿಸ್ಸಿನ ಸೀಸೆಯ ಬೆಲೆ ಎಷ್ಟೇ ಏರಿದರೂ ಇವರಿಗೆ ಸಿಗುತ್ತಿದ್ದುದು ಕಿಲೋ ಲೆಕ್ಕದ ಕೂಲಿ.

19ನೇ ಶತಮಾನದ ಕೊನೆಗೆ ರಾಸಾಯನಿಕ ದ್ರಾವಕಗಳು ಬಂದವು. ಹೂವನ್ನು ದ್ರಾವಕದಲ್ಲಿ ನೆನೆಸಿ, ಆಮೇಲೆ ದ್ರಾವಕವನ್ನು ಆವಿಯಾಗಿಸಿದರೆ ಮೇಣದಂಥ ‘ಕಾಂಕ್ರೀಟ್’ ಉಳಿಯುತ್ತದೆ. ಅದನ್ನು ಮದ್ಯಸಾರದಲ್ಲಿ ತೊಳೆದು ಮೇಣ ಬೇರ್ಪಡಿಸಿದರೆ ‘ಆಬ್ಸಲ್ಯೂಟ್’. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸ ಗಂಟೆಗಳಿಗೆ ಇಳಿಯಿತು. ಗಾಜಿನ ಚೌಕಟ್ಟುಗಳು ಕಾಲಕ್ರಮೇಣ ವಸ್ತುಸಂಗ್ರಹಾಲಯ ಸೇರಿದವು.

ಕಾರ್ಖಾನೆಯ ವೈಭವ, ರಸಾಯನದ ಸವಾಲು

ಈ ಹೊತ್ತಿಗೆ ಗ್ರಾಸ್ ಬರೀ ತನ್ನ ಹೊಲದ ಹೂವನ್ನೇ ನೆಚ್ಚಿದ ಊರಾಗಿರಲಿಲ್ಲ. ಶಿರಿಸ್ ಮನೆತನ ಫ್ರಾನ್ಸಿನ ವಸಾಹತಾಗಿದ್ದ ಆಲ್ಜೀರಿಯಾದಲ್ಲಿ ದೊಡ್ಡ ತೋಟಗಳನ್ನು ಮಾಡಿತು. ಜಗತ್ತಿನ ನಾನಾ ಮೂಲೆಗಳಿಂದ ಬೇರು, ತೊಗಟೆ, ಗೋಂದು, ಮರ ಇಲ್ಲಿಗೆ ಬಂದು ಎಣ್ಣೆಯಾಗಿ ಹೋಗುತ್ತಿದ್ದವು. ರೂರ್, ಮೊಲಿನಾರ್, ರೊಬರ್ತೆ ಮುಂತಾದ ಮನೆತನಗಳ ಕಾರ್ಖಾನೆಗಳು ಎದ್ದವು. ಪ್ಯಾರಿಸ್ ಸೀಸೆಗೆ ಹೆಸರಿಡುತ್ತಿತ್ತು. ಸೀಸೆಯೊಳಗಿನದನ್ನು ಗ್ರಾಸ್ ಒದಗಿಸುತ್ತಿತ್ತು. ಬೆಚ್ಚನೆಯ ಹವೆ ಅರಸಿ ಸಿರಿವಂತ ವಿದೇಶಿಯರೂ ಬರತೊಡಗಿದರು. ಬ್ರಿಟನ್ನಿನ ವಿಕ್ಟೋರಿಯಾ ರಾಣಿ 1891ರಲ್ಲಿ ಕೆಲವು ವಾರ ಇಲ್ಲಿದ್ದಳು. ಕ್ರಾಂತಿಯ ನಂತರ ರಷ್ಯಾ ತೊರೆದ ಲೇಖಕ ಇವಾನ್ ಬುನಿನ್‌ಗೆ 1933ರಲ್ಲಿ ನೊಬೆಲ್ ಬಹುಮಾನದ ಸುದ್ದಿ ಮುಟ್ಟಿದ್ದೂ ಗ್ರಾಸ್‌ನಲ್ಲೇ.

ಅಷ್ಟರಲ್ಲಿ ಪ್ರಯೋಗಾಲಯದಿಂದ ಸವಾಲು ಎದುರಾಗಿತ್ತು. 1868ರಲ್ಲಿ ಕುಮರಿನ್, 1874ರಲ್ಲಿ ವೆನಿಲಿನ್, 1893ರಲ್ಲಿ ವಯೊಲೆಟ್ ಹೂವಿನ ಕಂಪುಳ್ಳ ಅಯೋನೋನ್ ಕೃತಕವಾಗಿ ತಯಾರಾದವು. ವಯೊಲೆಟ್ ಬೆಳೆದವರಿಗೆ ಇದರ ಬಿಸಿ ತಟ್ಟಿತು. ಆದರೂ ಕೆಲವು ಕಾಲ ರಸಾಯನ ಮತ್ತು ಹೂವು ಒಟ್ಟಿಗೇ ಬೆಳೆದವು. 1921ರಲ್ಲಿ ಎರ್ನೆಸ್ಟ್ ಬೋ ಸಂಯೋಜಿಸಿದ ‘ಶನೆಲ್ ನಂಬರ್ 5’ ಇದಕ್ಕೆ ಒಳ್ಳೆಯ ನಿದರ್ಶನ. ಆಲ್ಡಿಹೈಡ್ ಎಂಬ ಕೃತಕ ದ್ರವ್ಯಗಳ ಜೊತೆ ಗ್ರಾಸ್‌ನ ಜಾಜಿ, ಗುಲಾಬಿಗಳನ್ನು ಅದರಲ್ಲಿ ಧಾರಾಳವಾಗಿ ಬಳಸಲಾಯಿತು. 1940ರ ದಶಕದಲ್ಲಿ ಈ ಸೀಮೆಯಲ್ಲಿ ವರ್ಷಕ್ಕೆ ಸುಮಾರು 5,000 ಟನ್ ಹೂ ಬರುತ್ತಿತ್ತೆಂದು ಲೆಕ್ಕ. 2000ದ ದಶಕದ ಆರಂಭಕ್ಕೆ ಅದು 30 ಟನ್ನಿಗೂ ಕೆಳಗಿಳಿಯಿತು.

ಹೂವಿಗಿಂತ ನೆಲ ದುಬಾರಿ

ಇಷ್ಟು ದೊಡ್ಡ ಕುಸಿತಕ್ಕೆ ಕೃತಕ ಪರಿಮಳವೊಂದೇ ಕಾರಣವಲ್ಲ. ಎರಡನೇ ಮಹಾಯುದ್ಧದ ನಂತರ ಫ್ರಾನ್ಸಿನಲ್ಲಿ ಕೂಲಿ ಏರಿತು. ಜಾಜಿಯನ್ನು ಯಂತ್ರದಿಂದ ಬಿಡಿಸಲಾಗದು. ಅದೇ ಹೂವನ್ನು ಈಜಿಪ್ಟ್, ಮೊರಾಕೊ, ಭಾರತಗಳಲ್ಲಿ ತುಂಬ ಕಡಿಮೆ ಕೂಲಿಗೆ ಬಿಡಿಸಬಹುದಿತ್ತು. ಗ್ರಾಸ್‌ನ ಕಂಪನಿಗಳೇ ತಮ್ಮ ಯಂತ್ರ, ತಂತ್ರಗಳನ್ನು ಅಲ್ಲಿಗೆ ಒಯ್ದವು. ಇಂದು ಜಗತ್ತಿನ ಜಾಜಿ ಸಾರದ ಬಹುಪಾಲು ಬರುವುದು ಈಜಿಪ್ಟ್ ಮತ್ತು ಭಾರತದಿಂದ. ನಮ್ಮ ನೆರೆಯ ತಮಿಳುನಾಡಿನ ಮಧುರೆ, ಕೊಯಮತ್ತೂರು ಕಡೆಯ ಮಲ್ಲಿಗೆಯ ಸಾರ ಪ್ಯಾರಿಸ್ಸಿನ ಸೀಸೆ ಸೇರುತ್ತದೆ.

ಇನ್ನೊಂದು ಕಾರಣ ಕಾಲ ಕೆಳಗಿನ ನೆಲವೇ. ಹೂವಿಗೆ ಒಗ್ಗಿದ ಬಿಸಿಲು, ಸಮುದ್ರದತ್ತ ಮುಖ ಮಾಡಿದ ಇಳಿಜಾರು, ಹಿತವಾದ ಚಳಿಗಾಲ, ಇವೆಲ್ಲ ಬಂಗಲೆ ಕಟ್ಟುವವರಿಗೂ ಇಷ್ಟ. ಕರಾವಳಿಯಲ್ಲಿ ಜಾಗ ಮುಗಿದಂತೆ ಬೆಟ್ಟದ ಹೊಲಗಳಿಗೆ ಬೆಲೆ ಬಂತು. ವರ್ಷವಿಡೀ ಬೆನ್ನು ಬಗ್ಗಿಸಿ ಜಾಜಿ ಬೆಳೆದು ಗಳಿಸುವುದಕ್ಕಿಂತ ಎಷ್ಟೋ ಪಟ್ಟು ಹಣ ಒಂದು ಸಹಿಯಿಂದ ಕೈಸೇರುವಾಗ ರೈತ ಏನು ಮಾಡಿಯಾನು? ಹೊಲಗಳಲ್ಲಿ ಈಜುಕೊಳಗಳು ಎದ್ದವು. ಬೆಂಗಳೂರಿನ ಸುತ್ತ ದ್ರಾಕ್ಷಿ ತೋಟಗಳು ಬಡಾವಣೆಗಳಾದುದನ್ನು ಕಂಡವರಿಗೆ ಈ ಲೆಕ್ಕ ಹೊಸದಲ್ಲ.

ಕಾರ್ಖಾನೆಗಳ ಕಥೆಯೂ ಅದೇ ದಾರಿ ಹಿಡಿಯಿತು. 1960ರ ದಶಕದಿಂದೀಚೆಗೆ ಹಳೆಯ ಮನೆತನಗಳ ಕಂಪನಿಗಳು ಒಂದೊಂದಾಗಿ ವಿದೇಶಿ ರಾಸಾಯನಿಕ ಸಂಸ್ಥೆಗಳ ಪಾಲಾದವು. ಶಿರಿಸ್ ಹೆಸರು ಮರೆಯಾಯಿತು. ರೂರ್ ಸ್ವಿಸ್ ಕಂಪನಿಯೊಂದರೊಳಗೆ ಕರಗಿತು. ರೊಬರ್ತೆಯಂಥ ಕೆಲವೇ ಸಂಸ್ಥೆಗಳು ಊರಿನ ವಿಳಾಸ ಉಳಿಸಿಕೊಂಡವು. ಉಳ್ಳವರು ಸುತ್ತಲಿನ ಬೆಟ್ಟಗಳ ಬಂಗಲೆಗಳಲ್ಲಿ ನೆಲೆಸಿದರು. ಹಳೆಯ ಪೇಟೆಯ ಇಕ್ಕಟ್ಟಿನ ಓಣಿಗಳು, ಎತ್ತರದ ಶಿಥಿಲ ಮನೆಗಳು ಬಡವರಿಗೆ, ವಲಸೆ ಬಂದವರಿಗೆ ಉಳಿದವು.

ಮೈಸೂರಿನ ಗಂಧದ ನೆನಪು

ಈ ಕಥೆಗೆ ಕನ್ನಡ ನಾಡಿನ ಒಂದು ಎಳೆಯೂ ಇದೆ. ಮೈಸೂರು ಸೀಮೆಯ ಶ್ರೀಗಂಧದ ಮರ ಮೊದಲು ಹರಾಜಾಗಿ ಯುರೋಪಿಗೆ ಹಡಗೇರುತ್ತಿತ್ತು. ಎಣ್ಣೆ ತೆಗೆಯುತ್ತಿದ್ದವರು ಅಲ್ಲಿನವರು. 1914ರಲ್ಲಿ ಯುದ್ಧ ಆರಂಭವಾಗಿ, ದೊಡ್ಡ ಗಿರಾಕಿಯಾಗಿದ್ದ ಜರ್ಮನಿಯ ಬಾಗಿಲು ಮುಚ್ಚಿ, ಮರ ಇಲ್ಲೇ ರಾಶಿ ಬಿತ್ತು. ಆಗ ಮೈಸೂರು ಸಂಸ್ಥಾನ ತಾನೇ ಎಣ್ಣೆ ತೆಗೆಯಲು ನಿರ್ಧರಿಸಿ 1916ರಲ್ಲಿ ಬೆಂಗಳೂರಿನಲ್ಲಿ, 1917ರಲ್ಲಿ ಮೈಸೂರಿನಲ್ಲಿ ಕಾರ್ಖಾನೆ ತೆರೆಯಿತು. ಅಲ್ಲಿಂದ ಮುಂದೆ ‘ಮೈಸೂರು’ ಎಂಬುದು ಫ್ರೆಂಚ್ ಸುಗಂಧಕಾರರ ಬಾಯಲ್ಲಿ ಊರಿನ ಹೆಸರಷ್ಟೇ ಅಲ್ಲ, ಒಂದು ದರ್ಜೆಯ ಹೆಸರೂ ಆಯಿತು. 1989ರಲ್ಲಿ ಗೆರ್ಲಾನ್ ಕಂಪನಿ ಹೊರತಂದ ‘ಸಂಸಾರ’ ಎಂಬ ಸುಗಂಧದಲ್ಲಿ ಮೈಸೂರು ಗಂಧದೆಣ್ಣೆಯೇ ಪ್ರಧಾನ. ಕಚ್ಚಾ ಸರಕು ಮಾರುವವನಿಗಿಂತ ಅದನ್ನು ಸಂಸ್ಕರಿಸುವವನ ಕೈಯಲ್ಲಿ ಲಾಭ ನಿಲ್ಲುತ್ತದೆ ಎಂಬುದನ್ನು ಗ್ರಾಸ್ ತಲೆಮಾರುಗಳಲ್ಲಿ ಕಲಿತಿತ್ತು, ಮೈಸೂರು ಒಂದು ಯುದ್ಧದಿಂದ ಕಲಿಯಿತು. ಆದರೆ ಹೆಸರಿದ್ದೂ ಮರವಿಲ್ಲದಿದ್ದರೆ ಏನಾಗುತ್ತದೆಂಬುದನ್ನೂ ನಾವು ಕಂಡೆವು. ಕಳ್ಳಸಾಗಣೆ ಮತ್ತು ಅತಿಯಾದ ಕಡಿತದಿಂದ ಗಂಧದ ಕಾಡು ಬರಿದಾಯಿತು. ಅತ್ತ ಆಸ್ಟ್ರೇಲಿಯಾದವರು ನಮ್ಮ ಗಂಧವನ್ನೇ ತಂದು ತೋಟ ಮಾಡಿದರು. ಬೆಳೆಗಾರನ ನೆಲದ ಗಂಧದ ಮರಕ್ಕೆ ಅವನೇ ಒಡೆಯನೆಂದು ಕರ್ನಾಟಕದ ಕಾನೂನು ಒಪ್ಪಿದ್ದು 2001ರಲ್ಲಿ.

ಹೆಸರಿಗಾಗಿ ಮರಳಿದ ಹೂ

ಗ್ರಾಸ್‌ನಲ್ಲೂ ಹೆಸರು ಉಳಿದು ಹೂ ಹೋಗುವ ಹಂತ ಬಂದಿತ್ತು. ಅದನ್ನು ತಡೆದದ್ದರಲ್ಲಿ ಭಾವನೆಗಿಂತ ವ್ಯಾಪಾರದ ಪಾಲು ಹೆಚ್ಚು. ತನ್ನ ಹಳೆಯ ಸುಗಂಧದ ವಾಸನೆ ಬದಲಾದರೆ ಗಿರಾಕಿ ಕೈತಪ್ಪುತ್ತಾನೆಂದು ಅರಿತ ಶನೆಲ್ ಕಂಪನಿ 1987ರಲ್ಲಿ ಪಕ್ಕದ ಪೆಗೊಮಾ ಗ್ರಾಮದ ಕೃಷಿಕ ಕುಟುಂಬವೊಂದರ ಜೊತೆ ಒಪ್ಪಂದ ಮಾಡಿಕೊಂಡಿತು. ಬೆಳೆದಷ್ಟು ಹೂವನ್ನೂ ಕಂಪನಿ ಕೊಳ್ಳಬೇಕು, ಕುಟುಂಬ ಹೂ ಬೆಳೆಯುವುದನ್ನು ನಿಲ್ಲಿಸಬಾರದು. ಡಿಯೋರ್ ಕೂಡ ಇದೇ ಹಾದಿ ಹಿಡಿದು ಕೆಲವು ಬೆಳೆಗಾರರ ಜೊತೆ ಒಪ್ಪಂದ ಮಾಡಿಕೊಂಡಿತು. 2020ರಲ್ಲಿ ಲಾಂಕೋಮ್ ಇಲ್ಲಿ ಗುಲಾಬಿ ತೋಟವೊಂದನ್ನೇ ಕೊಂಡಿತು. ಊರಿನವರೂ ಸುಮ್ಮನಿರಲಿಲ್ಲ. 1989ರಲ್ಲಿ ಸುಗಂಧದ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ತೆರೆಯಿತು. 2018ರ ಸುಮಾರಿಗೆ ನಗರಸಭೆ ತನ್ನ ನಗರ ಯೋಜನೆಯಲ್ಲಿ ಸುಮಾರು 70 ಹೆಕ್ಟೇರ್ ಜಾಗವನ್ನು ಕಟ್ಟಡಗಳಿಂದ ಬಿಡಿಸಿ ಕೃಷಿಗೆ ಮೀಸಲಿಟ್ಟಿತು. ಅದೇ ವರ್ಷದ ನವೆಂಬರ್‌ನಲ್ಲಿ ಗ್ರಾಸ್ ಸೀಮೆಯ ಹೂ ಬೇಸಾಯ, ಸಾರ ತೆಗೆಯುವ ಅರಿವು, ಸುಗಂಧ ಸಂಯೋಜನೆಯ ಕಲೆ, ಈ ಮೂರನ್ನೂ ಯುನೆಸ್ಕೊ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಆದರೂ ಈ ಹೂ ಇಂದು ಊರಿನ ಹೊಟ್ಟೆ ತುಂಬಿಸುವುದಿಲ್ಲ. ಗ್ರಾಸ್ ಸುತ್ತಮುತ್ತ ಸುಮಾರು 60 ಕಂಪನಿಗಳಲ್ಲಿ 3,500ರಷ್ಟು ಜನ ದುಡಿಯುತ್ತಾರೆ. ಅವರು ತಯಾರಿಸುವುದು ಬರೀ ಅತ್ತರಲ್ಲ. ಬಟ್ಟೆ ತೊಳೆಯುವ ಪುಡಿಯ ಪರಿಮಳ, ಮೊಸರು, ಬಿಸ್ಕತ್ತು, ತಂಪು ಪಾನೀಯಗಳ ರುಚಿದ್ರವ್ಯಗಳೂ ಅಲ್ಲಿಂದಲೇ ಹೋಗುತ್ತವೆ. ಅದಕ್ಕೆ ಬೇಕಾದ ಕಚ್ಚಾ ಮಾಲಿನ ಬಹುಪಾಲು ಬರುವುದು ಹೊರಗಿನಿಂದ. ಊರು ಮಾರುತ್ತಿರುವುದು ಮೂಗಿನ ತರಬೇತಿಯನ್ನು, ತಲೆಮಾರುಗಳ ಕೈಚಳಕವನ್ನು, ತನ್ನ ಹೆಸರನ್ನು. ಉಳಿದಿರುವ ಕೆಲವು ಹೆಕ್ಟೇರ್ ಹೂವು ಆ ಹೆಸರಿಗೆ ಸಾಕ್ಷಿ ಹೇಳಲು ನಿಂತಿದೆ.

ಚರ್ಮ ಹೋದರೂ ಗ್ರಾಸ್ ಬದುಕಿತು, ಏಕೆಂದರೆ ಚರ್ಮದ ಜೊತೆಗೆ ಕಲಿತ ಇನ್ನೊಂದು ವಿದ್ಯೆ ಕೈಯಲ್ಲಿತ್ತು. ಕೊಬ್ಬಿನ ಗಾಜು ಹೋದರೂ ಬದುಕಿತು, ದ್ರಾವಕ ಬಂದಿತ್ತು. ಹೂ ಹೋದರೆ ಮಾತ್ರ ಕೇವಲ ವಿದ್ಯೆಯ ಬಲದಿಂದ ಆ ಹೆಸರು ಎಷ್ಟು ಕಾಲ ಬಾಳೀತು ಎಂಬ ಶಂಕೆ ಊರನ್ನು ಕಾಡಿರಬೇಕು. ಆದ್ದರಿಂದಲೇ ಒಂದು ಕಾಲಕ್ಕೆ ಬಂಗಲೆಗಳಿಗೆ ಮಾರಿದ ನೆಲದ ಪಕ್ಕದಲ್ಲೇ ಈಗ ಮತ್ತೆ ಗುಂಡಿ ತೋಡಿ ಜಾಜಿ ನೆಡುತ್ತಿದ್ದಾರೆ. ನೆಟ್ಟ ಗಿಡ ಹೂ ಬಿಟ್ಟರೆ ಸಾಲದು. ಅದನ್ನು ಬೆಳಕು ಹರಿಯುವ ಮುನ್ನ ಬಂದು ಬಿಡಿಸುವವರಿರಬೇಕು. ಸೀಸೆಯ ಬೆಲೆಯಲ್ಲಿ ಆ ಕೈಗಳ ಪಾಲು ಎಷ್ಟು ಎಂಬ ಹಳೆಯ ಪ್ರಶ್ನೆ, ಗ್ರಾಸ್‌ನಲ್ಲಾಗಲಿ ಮಧುರೆಯಲ್ಲಾಗಲಿ, ಇನ್ನೂ ಹಾಗೆಯೇ ಇದೆ.